ಅಂಜನದ ಪುಸ್ತಕ ಒಯ್ದವರು

ಕೋಣಂದೂರಿನ ಲೈಬ್ರರಿಯಲ್ಲಿ ಪುಸ್ತಕವೊಂದು ಕಳುವಾಗಿತ್ತು. ಕಥೆ-ಕಾದಂಬರಿ ಹೋಗಿದ್ದರೆ ಯಾರು ಕೇಳುತ್ತಿದ್ದರು? ಹೋದದ್ದು ಮಾಟದ ಕಪಾಟಿನಿಂದ!

ತೀರಿಕೊಂಡ ಮಂತ್ರವಾದಿಯೊಬ್ಬರ ಮನೆಯವರು ಇಟ್ಟುಕೊಳ್ಳಲೂ ಹೆದರಿ, ಸುಡಲೂ ಹೆದರಿ ತಂದುಕೊಟ್ಟ ಪುಸ್ತಕಗಳವು. ಕಪಾಟಿಗೆ ಬೀಗವಿತ್ತು. ಕೀಲಿ ಮೇಜಿನ ಡ್ರಾಯರಿನಲ್ಲಿ — ಅಂದರೆ ಅಲ್ಲಿ ಓಡಾಡುವವರಿಗೆಲ್ಲ ಗೊತ್ತಿದ್ದ ಜಾಗದಲ್ಲಿ.

ಲೈಬ್ರೇರಿಯನ್ ರವೀಂದ್ರ ಫೋನ್ ಮಾಡಿದ್ದು ತೀರ್ಥಹಳ್ಳಿಯ ಶರಾವತಿಯವರಿಗೆ. ಹಿಂದೆ ಕೋಣಂದೂರಿನ ಕಡೆಯೇ ಕೆಲಸದಲ್ಲಿದ್ದ ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಮದುವೆ ಆಗಿರಲಿಲ್ಲ. ರಿಟೈರಾದ ಮೇಲೆ ಅವರು ಬಾಯಿ ಬಿಟ್ಟು ಮಾತಾಡುತ್ತಿದ್ದುದು ಹಾಲಿನವನ ಹತ್ತಿರ ಮಾತ್ರ. ಕಳ್ಳತನವಾಯಿತೆಂದು ಕೇಳಿ ಖುಷಿಪಟ್ಟವರು ಬಹುಶಃ ಅವರೊಬ್ಬರೇ! ಒಳ್ಳೆಯ ಸೀರೆ ಉಟ್ಟು ಬಸ್ಸು ಹತ್ತಿದರು.

ಬಂದು ನೋಡಿದರೆ ರವೀಂದ್ರ ಬೆಂಚಿನ ಮೇಲೆ ಬೋರಲು ಮಲಗಿದ್ದ. ಪುಸ್ತಕ ಹಿಂದೆ ಬಿದ್ದಿದೆಯೋ ಎಂದು ಕಪಾಟು ಎಳೆಯಲು ಹೋಗಿ ಸೊಂಟ ಉಳುಕಿತ್ತು. ಲೈಬ್ರರಿಯ ಕಸ ಗುಡಿಸುವ ಪುಷ್ಪಮ್ಮ ಎಡಗಾಲಿನಿಂದ ಅವನ ಸೊಂಟ ಒತ್ತುತ್ತಿದ್ದಳು.

"ಅಯ್ಯೋ, ಮೆಲ್ಲಗೆ ಮಾರಾಯ್ತಿ! ಬನ್ನಿ ಶರಾವತಕ್ಕ. ಕಳ್ಳ ಯಾರು ಅಂತ ನಂಗೆ ಗೊತ್ತು. ಆ ಜಾದೂ ಮಾಡ್ತಾನಲ್ಲ, ಕಾಂತರಾಜ್. ಅವ್ನೇ!"

"ಗೊತ್ತಿದ್ರೆ ನನ್ನನ್ನ ಯಾಕೆ ಕರೆಸಿದ್ರಿ?"

"ಸಾಕ್ಷಿ ಬೇಕಲ್ಲ! ಯಾರೇ ಆಗ್ಲಿ, ಇವತ್ತು ಊರೋರ ಎದುರಿಗೆ ನಿಲ್ಸದೆ ಬಿಡಲ್ಲ."

ಪುಷ್ಪಮ್ಮ ಕಾಲು ಇಳಿಸಿ, ಪೊರಕೆ ಹಿಡಿದು ಹಿತ್ತಲಿಗೆ ಹೋದಳು.

ಶರಾವತಿ ಕಪಾಟು ನೋಡಿದರು. ಕೈಚಳಕ ಕಲಿಸುವ ಪುಸ್ತಕ. ಮಾಟ ತೆಗೆಯುವುದನ್ನು ಕಲಿಸುವ ದಪ್ಪ ಪುಸ್ತಕ. ಅದರ ಪಕ್ಕ ವಶೀಕರಣ. ಆಮೇಲೆ — ಖಾಲಿ.

"ಹೋಗಿದ್ದು ಎಂತದು?"

"ಅಂಜನದ್ದು. ವೀಳ್ಯದೆಲೆಗೆ ಕಪ್ಪು ಹಚ್ಚಿ, ಕಾಣೆಯಾದೋರು ಎಲ್ಲಿದ್ದಾರೆ ಅಂತ ನೋಡ್ತಾರಲ್ಲ, ಅದನ್ನ ಕಲ್ಸೋದು. ತೆಳ್ಳನೆ ಪುಸ್ತಕ, ರಟ್ಟೂ ಇಲ್ಲ."

ಪೇಪರ್ ಓದುತ್ತಿದ್ದ ಪೂರ್ಣೇಶ್ ಮೇಷ್ಟ್ರು ತಲೆ ಎತ್ತಿದರು. ಈ ಪುಸ್ತಕಗಳನ್ನು ಸುಡಬೇಕೆಂದು ವರ್ಷದಿಂದ ಜಗಳವಾಡುತ್ತಿದ್ದವರು ಅವರೇ.

"ನೀವು ತಗೊಂಡ್ರಾ ಮೇಷ್ಟ್ರೇ?" ಎಂದರು ಶರಾವತಿ.

"ಸುಡೋನು ಒಂದೇ ಒಂದನ್ನ ಆರಿಸ್ಕೊಂಡು ಹೋಗ್ತಾನಾ? ಅದೂ ತೆಳ್ಳನೇದನ್ನ?"

ಮಾತು ಸರಿಯಿತ್ತು. ಶರಾವತಿ ರಸ್ತೆ ದಾಟಿ ಕಾಂತರಾಜನ ಮನೆಗೆ ಹೋದರು. ಶಾಲೆಗಳ ವಾರ್ಷಿಕೋತ್ಸವದಲ್ಲಿ ಟೋಪಿಯಿಂದ ಪಾರಿವಾಳ ತೆಗೆಯುವವನು. ಅವನ ಹೆಂಡತಿ ಕಾಫಿ ಕೊಟ್ಟಳು. ಬೇರೆಯವರ ಕೈಯ ಕಾಫಿ ಕುಡಿದು ಎಷ್ಟು ದಿನವಾಗಿತ್ತೋ! ಅದು ಮುಗಿಯುವುದು ಬೇಡವಾಗಿತ್ತು ಶರಾವತಿಯವರಿಗೆ.

"ನಾ ಆರಿಸೋದಾದ್ರೆ ಕೈಚಳಕದ್ದು ಆರಿಸ್ತಿದ್ದೆ ಮೇಡಂ," ಎಂದ ಕಾಂತರಾಜ್. "ಅದು ಅಲ್ಲೇ ಇದೆ ತಾನೇ? ಅಂಜನ ಕಲ್ತು ಎಂತ ಮಾಡ್ಲಿ? ನಂಗದು ಕಾಣಲ್ಲ."

"ಯಾಕೆ?"

"ಕಾಲು ಮುಂದಾಗಿ ಹುಟ್ಟಿದೋರಿಗೆ ಮಾತ್ರ ಕಾಣೋದು ಅಂತಾರೆ. ನಾನು ಎಲ್ಲರ ಹಾಗೆ ತಲೆ ಮುಂದಾಗಿ ಬಂದೋನು!"

ಶರಾವತಿ ಲೋಟ ಕೆಳಗಿಟ್ಟರು. ಥತ್, ಎಂಥ ಮಂಕು ಕವಿದಿತ್ತು!

ಪುಷ್ಪಮ್ಮ ಲೈಬ್ರರಿಯ ಹಿತ್ತಲಲ್ಲಿ ಒಬ್ಬಳೇ ಕೂತಿದ್ದಳು.

"ಪುಸ್ತಕ ತಗೊಂಡಿದ್ದು ನೀನು, ಪುಷ್ಪಾ."

ಅವಳು ಪೊರಕೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡಿದಳು.

"ರವೀಂದ್ರನ ಸೊಂಟಕ್ಕೆ ನಿನ್ನ ಕಾಲೇ ಯಾಕೆ ಬೇಕಾಯ್ತು? ಉಳುಕು ತೆಗೆಯೋಕೆ ಕಾಲು ಮುಂದಾಗಿ ಹುಟ್ಟಿದೋರೇ ಆಗ್ಬೇಕು. ನಮ್ಮ ಕಡೆ ಮಕ್ಕಳಿಗೂ ಗೊತ್ತಿರೋದು. ಕಣ್ಣೆದುರಿಗೇ ನಡೀತು, ದಿನಾ ನೋಡೋದಲ್ವಾ ಅಂತ ಬಿಟ್ಟುಬಿಟ್ಟೆ. ಅಂಜನ ಕಾಣೋದೂ ಅಂಥೋರಿಗೇ. ಕೀಲಿ ಎಲ್ಲಿರುತ್ತೆ ಅಂತಾನೂ ನಿಂಗೆ ಗೊತ್ತು. ಯಾರನ್ನ ನೋಡ್ಬೇಕಿತ್ತು?"

"ನಮ್ಮನೆಯೋರನ್ನ."

"ಸತೀಶನ್ನಾ? ಸಾಗರದಲ್ಲಿ ಕೆಲಸಕ್ಕಿದ್ದಾನೆ ಅಂತ ಊರೆಲ್ಲ ಹೇಳ್ತಾರಲ್ಲ?"

"ಅದು ನಾ ಹೇಳಿದ ಸುಳ್ಳು. ಹಿನ್ನೀರಿಗೆ ಸೇತುವೆ ಆಗೋಕೆ ಮುಂಚೆ, ಸಿಗಂದೂರು ದೇವಸ್ಥಾನಕ್ಕೆ ಹೋಗಿ ಬರ್ತೀನಿ ಅಂತ ಹೊಳೆಬಾಗಿಲಲ್ಲಿ ಲಾಂಚ್ ಹತ್ತಿದ್ರು. ಆಚೆ ದಡದಲ್ಲಿ ಇಳಿದು ಯಾವುದೋ ಬಸ್ ಹತ್ತಿದ್ರಂತೆ. ಬರ್ಲೇ ಇಲ್ಲ. ಊರೋರಿಗೆ ಗೊತ್ತಾದ್ರೆ ನಾ ತಲೆ ಎತ್ತಿ ತಿರುಗಂಗಿಲ್ಲ ಅಕ್ಕಾ."

"ಸ್ಟೇಷನ್ನಿಗೆ ಬಂದಿದ್ರೆ ನಾವೇ ಹುಡುಕ್ತಿದ್ವಲ್ಲೇ!"

"ಹುಡುಕ್ತಿದ್ರಿ. ಸಿಗ್ತಿದ್ರು. ಹೆಂಡ್ತಿ ಹತ್ರ ಹೋಗ್ತೀಯಾ ಇಲ್ವಾ ಅಂತ ಕೂರಿಸಿ ಕೇಳ್ತಿದ್ರಿ. ಇಲ್ಲ ಅಂದ್ಬಿಟ್ರೆ?" ಪುಷ್ಪಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎಲೆ ಒಳಗೆ ನೋಡಿದ್ರೆ ಅವ್ರಿಗೆ ಗೊತ್ತೇ ಆಗಲ್ಲ. ಉಂಡ್ರಾ, ಆರಾಮಿದ್ದಾರಾ, ಅಷ್ಟೇ ನೋಡೋದು."

"ಪಕ್ಕದಲ್ಲೇ ವಶೀಕರಣದ್ದು ಇತ್ತಲ್ಲ, ಅದನ್ಯಾಕೆ ಬಿಟ್ಟೆ?"

"ಮೊದಲು ಕೈಗೆ ತಗೊಂಡಿದ್ದು ಅದನ್ನೇ. ವಾಪಸ್ ಇಟ್ಟೆ. ಹಾಗೆ ಎಳ್ಕೊಂಡು ತಂದ್ರೆ ಅದು ಬಂದಂಗಾ ಅಕ್ಕಾ?"

ಶರಾವತಿ ಒಳ್ಳೆಯ ಸೀರೆಯನ್ನೂ ಲೆಕ್ಕಿಸದೆ ಅವಳ ಪಕ್ಕ ನೆಲದ ಮೇಲೆ ಕೂತರು.

"ನೋಡಿದ್ಯಾ?" ಎಂದರು.

"ಕಪ್ಪು ಮಾಡಿಟ್ಟಿದ್ದೀನಿ. ಧೈರ್ಯ ಬಂದಿಲ್ಲ."

ಅಷ್ಟರಲ್ಲಿ ರವೀಂದ್ರ ಸೊಂಟ ಹಿಡಿದುಕೊಂಡು ಬಂದ. "ಸಿಕ್ದನಾ ಕಳ್ಳ?"

"ಕಳ್ಳನೂ ಇಲ್ಲ, ಗಿಳ್ಳನೂ ಇಲ್ಲ. ಕಾಂತರಾಜನ ಹೆಸರು ಎತ್ತಿದ್ರೆ ನೋಡಿ ಮತ್ತೆ! ಆ ಪುಸ್ತಕ ನನ್ನ ಹೆಸರಿಗೆ ಬರ್ಕೊಳ್ಳಿ. ಓದಿ ವಾಪಸ್ ಕೊಡ್ತೀನಿ."

"ನಿಮ್ಮ ಹೆಸರಿಗಾ? ನಿಮಗ್ಯಾಕೆ ಮಾರಾಯ್ರೆ ಅಂಜನದ ಪುಸ್ತಕ?"

"ಒಂಟಿ ಹೆಂಗಸು. ಹೊತ್ತು ಹೋಗ್ಬೇಕಲ್ಲ?"

ರವೀಂದ್ರ ಇನ್ನೂ ಏನೋ ಕೇಳಲು ಬಾಯಿ ತೆರೆದ. ಶರಾವತಿಯವರ ಮುಖ ನೋಡಿ, ಕೇಳದೆ ಒಳಗೆ ಹೋದ.

"ಎಲೆ ನೋಡೋ ದಿನ ನಂಗೊಂದು ಫೋನ್ ಮಾಡು," ಎಂದರು ಶರಾವತಿ. "ಬೆಳಗಿನ ಬಸ್ಸಿಗೇ ಬರ್ತೀನಿ."

"ನಿಮಗದು ಕಾಣಲ್ಲಲ್ಲ ಅಕ್ಕಾ."

"ಕಾಣೋದು ಬೇಡ. ನೀನು ಒಬ್ಬಳೇ ನೋಡ್ಬೇಡ."