ಅನ್ನದಾನಮ್ಮನ ಕಣ್ಣಿನ ಸೀಸೆ

"ಅತ್ತಿ ಕಣ್ಣು ಹೋದ್ರ ಅಪವಾದ ನನ್ನ ತಲಿಗೇ ಕಟ್ತಾರ, ಗೀತಮ್ಮಾರ. ನೀವಾ ಬಂದು ನೋಡ್ರಿ," ಎಂದು ವಾಣಿಶ್ರೀ ಕೈ ಮುಗಿದಾಗ ಹುಲುಗೇಶ ಆಟೊ ತೊಳೆಯುತ್ತಿದ್ದ.

ಕಣ್ಣಾಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದ ಗೀತಮ್ಮನಿಗೆ ಈಗ ಕೊಟ್ಟೂರಿನವರ ಗುಟ್ಟು ಬಿಡಿಸುವುದೇ ಕೆಲಸ. ಅವಳನ್ನು ಕರೆದೊಯ್ಯುವುದು ಹುಲುಗೇಶನ ಕೆಲಸ. ದಾರಿಯಲ್ಲಿ ವಾಣಿಶ್ರೀ ಎಲ್ಲ ಹೇಳಿದಳು. ಅತ್ತೆ ಅನ್ನದಾನಮ್ಮನಿಗೆ ಕಣ್ಣಿನ ಒತ್ತಡ. ದಿನಾ ಹನಿ ಬಿಟ್ಟರೂ ಒತ್ತಡ ಏರುತ್ತಲೇ ಇದೆ, ಹೋದ ನೋಟ ಮತ್ತೆ ಬರುವುದಿಲ್ಲ ಎಂದಿದ್ದಾರೆ ಡಾಕ್ಟರು. ಆ ಔಷಧಿ ರೆಪ್ಪೆಗೂದಲನ್ನೂ ಬೆಳೆಸುತ್ತದೆಂದು ತಿಳಿದದ್ದೇ ತಡ, ಮನೆಯವರೆಲ್ಲ ಬ್ಯೂಟಿ ಪಾರ್ಲರಿನ ಈ ಸೊಸೆಯೇ ಅದನ್ನು ಕದಿಯುತ್ತಾಳೆಂದು ಅನುಮಾನಪಟ್ಟಿದ್ದರು. ಹುಲುಗೇಶನೂ ಕನ್ನಡಿಯಲ್ಲಿ ನೋಡಿದ. ಅಬ್ಬಬ್ಬಾ, ಪೊರಕೆ ಕಡ್ಡಿಯಂಥ ರೆಪ್ಪೆ! ಇವಳೇ ಕಳ್ಳಿ ಎಂದು ಮುಖ ಸಿಂಡರಿಸಿದ.

ಅನ್ನದಾನಮ್ಮ ಆಗಷ್ಟೇ ಲಿಂಗಪೂಜೆ ಮುಗಿಸಿದ್ದಳು. "ಅಂಗೈಯಾಗಿನ ಲಿಂಗ ಅರ್ಧಾನ ಕಾಣ್ತತ್ರಿ. ಅದೂ ಹೋದ್ರ ಏನ್ ಮಾಡ್ಲಿ?" ಎಂದಳು. ಮಗಳು ಸುಕನ್ಯಾ ತಾಯಿಯ ಕೈಯಿಂದ ತೀರ್ಥದ ಬಟ್ಟಲು ತೆಗೆದುಕೊಂಡು ಒಳಗಿಟ್ಟು ಬಂದಳು. ಕೂತವಳು ತಲೆ ತಗ್ಗಿಸಿ ಕನ್ನಡಕ ತೆಗೆದು ಗಾಜಿನ ಒಳಮಗ್ಗಲು ಒರೆಸಿಕೊಂಡಳು.

"ಹನಿ ಹಾಕೋಳು ನಮ್ಮ ತಂಗಿನಾ. ಒಂದಿನಾನೂ ತಪ್ಪಿಸಿಲ್ಲ," ಎಂದ ಮಗ ಪ್ರವೀಣಕುಮಾರ್.

"ಹನಿ ಬಿಟ್ರ ಕಣ್ಣು ಉರಿತಾವೇನ್ರಿ?" ಎಂದಳು ಗೀತಮ್ಮ.

"ಮೊದ್ಲು ಕೆಂಪಗಾಗಿ ಉರೀತಿದ್ವು. ರೆಪ್ಪಿ ಸೈತ ಉದ್ದಾಗಿದ್ವು, ಸುಕನ್ಯಾ ಮುಟ್ಟಿ ಮುಟ್ಟಿ ನಗ್ತಿದ್ಳು. ಆರು ತಿಂಗ್ಳಾತು, ಉದುರ್ಯಾವು. ಉರೀನೂ ಇಲ್ಲ," ಎಂದಳು ಅನ್ನದಾನಮ್ಮ.

ಗೀತಮ್ಮ ಸೀಸೆಯಿಂದ ಒಂದು ಹನಿಯನ್ನು ಕೈಗನ್ನಡಿಯ ಮೇಲೆ ಬಿಟ್ಟು ಬಿಸಿಲಿಗಿಟ್ಟಳು. ಅದು ಒಣಗುವಷ್ಟರಲ್ಲಿ ಸುಕನ್ಯಾ ಮತ್ತೆರಡು ಸಲ ಕನ್ನಡಕ ಒರೆಸಿದಳು. ಆಮೇಲೆ ಗೀತಮ್ಮ ಎಲ್ಲರನ್ನೂ ಪಡಸಾಲೆಗೆ ಕರೆದಳು.

"ಉರಿ ನಿಂತು ರೆಪ್ಪಿ ಉದುರಿದ್ವು ಅಂದ್ರ ಸೀಸೆದಾಗ ಔಷಧಿ ಇಲ್ಲ ಅಂತ ಅರ್ಥ. ಬಾ ಇಲ್ಲಿ, ವಾಣಿಶ್ರೀ." ಅವಳ ರೆಪ್ಪೆಯ ತುದಿ ಹಿಡಿದು ಎಳೆದಳು. ಪಟ್ಟಿ ಪೂರ್ತಿ ಕಿತ್ತು ಬಂತು. "ಇದು ಗೋಂದು ಹಚ್ಚಿದ್ದು. ಔಷಧಿ ಕದಿಯೋಳಿಗೆ ಇದ್ಯಾಕ ಬೇಕು?"

ಹುಲುಗೇಶ ನಾಚಿ ನೆಲ ನೋಡಿದ.

"ಈಗ ಈ ಕನ್ನಡಿ ನೋಡ್ರಿ. ಹನಿ ಒಣಗಿದ ಮ್ಯಾಲೆ ಬೂದಿ ಉಳದೈತಿ. ಇದು ವಿಭೂತಿ. ಲಿಂಗ ತೊಳೆದ ನೀರಿದು. ಆ ಬಟ್ಟಲು ದಿನಾ ಯಾರ ಕೈಗೆ ಹೋಗ್ತತಿ? ಕನ್ನಡಕದ ಒಳಮಗ್ಗಲು ಯಾರದು ಮತ್ತ ಮತ್ತ ಮಸುಕಾಗ್ತತಿ? ರೆಪ್ಪಿ ಬೆಳೆದು ಗಾಜಿಗೆ ತಾಗಿದ್ರ ಹಂಗಾಗ್ತತಿ. ತಗಿ ಸುಕನ್ಯಾ, ಕನ್ನಡಕ."

ತೆಗೆದಳು. ದಟ್ಟ ಕರಿ ರೆಪ್ಪೆ, ಅಂಚಿಗೆ ಔಷಧಿ ಹಚ್ಚಿ ಹಚ್ಚಿ ಕಂದಿದ ಚರ್ಮ.

"ನಾನೇನು ವಿಷ ಹಾಕಿಲ್ಲ!" ಸುಕನ್ಯಾ ಅಳತೊಡಗಿದಳು. "ನೋಡಾಕ ಬಂದ ಗಂಡುಗಳು ಕಣ್ಣಾಗ ಕಳಿ ಇಲ್ಲ ಅಂದು ಹೋದ್ರು. ಅವ್ವಗ ಕೇಡಾಗಬಾರದು ಅಂತ ಬರೇ ನೀರು ಹಾಕ್ಲಿಲ್ಲ, ತೀರ್ಥಾನ ತುಂಬೀನಿ. ದೇವರ ನೀರು ಕಣ್ಣು ಕಾಯ್ತತಿ ಅನ್ಕೊಂಡೆ."

ಥೂ! ಕದ್ದಿದ್ದಕ್ಕಿಂತ, ಅದಕ್ಕೆ ದೇವರನ್ನು ಅಡ್ಡ ಹಿಡಿದದ್ದು ಹುಲುಗೇಶನಿಗೆ ಹೇಸಿಗೆಯಾಯಿತು. ದಿನಾ ಸಂಜೆ ಅವ್ವನ ತಲೆ ತೊಡೆಯ ಮೇಲಿಟ್ಟುಕೊಂಡು, ಗಲ್ಲ ಸವರಿ, ಆ ಕೊಳೆ ನೀರು ಬಿಡುತ್ತಿದ್ದಳಲ್ಲ! ಯಾರೋ ಕೊಟ್ಟ ಚಹಾದ ಲೋಟವನ್ನು ಮುಟ್ಟದೆ ಕೆಳಗಿಟ್ಟ.

ಅನ್ನದಾನಮ್ಮ ಬೈಯಲಿಲ್ಲ. "ಹತ್ರ ಬಾ," ಎಂದಳು. ಸುಕನ್ಯಾ ಬಂದು ಮೊಣಕಾಲೂರಿದಳು. ಮುದುಕಿ ಮಗಳ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಈ ಕಡಿ ಕಣ್ಣು ಚೆಂದ ಐತಿ, ತಂಗಿ," ಎಂದಳು. "ಆ ಕಡಿದು ನನಗ ಕಾಣವಲ್ದು."

ಆಮೇಲೆ ಕೈ ಬಿಟ್ಟು, ಹೊಸ ಸೀಸೆ ತಂದು ಹನಿ ಹಾಕಲು ಸೊಸೆಯನ್ನು ಕರೆದಳು.