ಸೋಲಾರ್ ಮೇಲಿನ ಸಂಡಿಗೆ

ಟಕ್! ಫ್ಯಾನ್ ನಿಂತಿತು.

ಮೇಜಿನ ಕೆಳಗೆ ಸೂಜಿ ಹುಡುಕುತ್ತಿದ್ದ ಪದ್ಮಾವತಿ ಸಿಡುಕುತ್ತ ಎದ್ದಳು. “ಯಾರ್ರೀ ಫ್ಯಾನ್ ಆರಿಸಿದವ್ರು?”

“ನಾನ್ರಿ... ಮಲ್ಲೇಶ, ಲಿಂಗಸುಗೂರಿನವ. ರೂಮಿನ್ಯಾಗ ಯಾರೂ ಇಲ್ಲಂತ...”

“ನಾ ಏನ್ ದೆವ್ವ ಏನ್ರಿ?”

ಜವಳಗೇರಾದ ಈ ಪುಟ್ಟ ಹೊಲಿಗೆ ಸಂಸ್ಥೆಯನ್ನು ಕಟ್ಟಿದವಳು ಪದ್ಮಾವತಿ. ಮಾಳಿಗೆಗೆ ಸೋಲಾರ್ ಹಾಕಿಸಿದ್ದು ಮಲ್ಲೇಶ ಕೆಲಸ ಮಾಡುವ ಟ್ರಸ್ಟ್; ತಿಂಗಳ ಲೆಕ್ಕ ನೋಡಲು ಬರುವವನು ಅವನೇ. ಷರತ್ತು ಒಂದೇ. ವರ್ಷದಲ್ಲಿ ಲೈನಿನಿಂದ ಪಡೆದಷ್ಟು ಕರೆಂಟನ್ನು ಸೋಲಾರಿನಿಂದ ವಾಪಸ್ ಕೊಡಬೇಕು. ಆಗದಿದ್ದರೆ ಪ್ಯಾನೆಲ್ ಬಿಚ್ಚಿ ಬೇರೆ ಊರಿಗೆ!

ಮಲ್ಲೇಶ ಹಳೆಯ ಬಲ್ಬು ತೆಗೆಸಿದ. ಇಸ್ತ್ರಿ ಏನಿದ್ದರೂ ಬಿಸಿಲಿದ್ದಾಗಲೇ ಎಂದ. ಅವಳು ಎಲ್ಲಕ್ಕೂ ಒಪ್ಪಿದಳು. ಆದರೂ ಹನ್ನೊಂದನೇ ತಿಂಗಳಿಗೆ ಅರವತ್ತು ಯೂನಿಟ್ ಕಮ್ಮಿ! ಪುಣ್ಯಾತ್ಮ ವರದಿಯಲ್ಲಿ ಬರೆದ: ‘ಪದ್ಮಾವತಿಯವರ ಅಲಕ್ಷ್ಯ.’

ಅಲಕ್ಷ್ಯವಂತೆ! ತನ್ನ ಫ್ಯಾನ್ ಕೂಡ ಹಚ್ಚದೆ ಬೆವರಲ್ಲಿ ತೊಯ್ದವಳಿಗೆ ಈ ಮಾತೇ? ಅವಳಿಗೆ ಅಳು ಬಂತು. ಅವನು ಬರುವ ದಿನ ಎರಡು ಸಲ ಕನ್ನಡಿ ನೋಡಿಕೊಳ್ಳುವ ತನ್ನ ಮೇಲೂ ಸಿಟ್ಟು ಬಂತು.

ಪ್ಯಾನೆಲ್ಲೇ ಕೆಟ್ಟಿರಬೇಕೆಂದು ದಡದಡ ಮಾಳಿಗೆ ಹತ್ತಿದಳು. ಹತ್ತಿ... ನಿಂತೇಬಿಟ್ಟಳು. ಪ್ಯಾನೆಲ್‌ಗಳ ಮೇಲೆ ಹಳೆ ಸೀರೆ ಬಿಗಿದು, ಅಡುಗೆಯ ತಿಮ್ಮವ್ವ ಸಂಡಿಗೆ ಹಾಕುತ್ತಿದ್ದಳು!

“ತಿಮ್ಮವ್ವಾ! ಏನ್ ಮಾಡಾಕತ್ತಿ?”

“ಗಾಜು ಕಾದಿರ್ತೈತವ್ವ, ಲಗೂನ ಒಣಗ್ತಾವ. ಮಲ್ಲೇಶಪ್ಪ ಬಂದಾಗೆಲ್ಲ ಸಂಡಿಗಿನ ಕೇಳ್ತಾನ. ಅವ ಬರೋ ದಿನ ಸೀರಿ ತಗದು, ಕರದು ಹಾಕ್ತೀನಿ.”

ಪದ್ಮಾವತಿ ತಲೆ ಚಚ್ಚಿಕೊಂಡಳು. ಫೋನ್ ಮಾಡಿದ ತಾಸೆರಡರಲ್ಲಿ ಅವನು ಎದುರಿಗೆ ನಿಂತಿದ್ದ.

“ಕರೆಂಟ್ ತಿಂದವ್ರು ನೀವು! ಬೈಸಿಕೊಂಡಾಕಿ ನಾನು!”

“ತಪ್ಪಾತ್ರಿ... ವರದಿಯಾಗಿನ ಆ ಮಾತು ಇವತ್ತ ಹೊಡದ್ ಹಾಕ್ತೀನಿ.” ಅವನ ದನಿ ಇಳಿಯಿತು. “ಸಂಡಿಗಿ ನನಗ ಸೇರಂಗಿಲ್ರಿ. ನಿಮ್ಮ ಕೈಯಾಗಿನವು ಅನ್ಕೊಂಡು ತಿಂದೆ.”

ಈ ಮನುಷ್ಯನಿಗೆ ಬೈಯುವುದೋ, ನಗುವುದೋ!

ಸೀರೆ ಇಳಿಯಿತು, ಬಿಸಿಲು ಪೂರ್ತಿ ಬಿತ್ತು. ಹನ್ನೆರಡನೇ ತಿಂಗಳ ಕೊನೆಗೆ ಮೀಟರ್ ನೋಡಿದರೆ, ಇಡೀ ವರ್ಷದಲ್ಲಿ ಪಡೆದದ್ದಕ್ಕಿಂತ ಕೊಟ್ಟದ್ದೇ ಎರಡು ಯೂನಿಟ್ ಹೆಚ್ಚು!

ಮಲ್ಲೇಶ ಚೀಲ ಹೆಗಲಿಗೇರಿಸಿದ. “ಪ್ಯಾನೆಲ್ ಇಲ್ಲೇ ಇರ್ತಾವ್ರಿ. ಇನ್ನ... ನಾ ಬರಾಕ ಕಾರಣ ಇಲ್ಲ.”

‘ಹೋಗಿಯೇ ಬಿಡುತ್ತಾನಾ?’ ಅವಳು ಬಾಗಿಲಿಗೆ ಅಡ್ಡ ನಿಂತಳು.

“ಕಾರಣ ಇಲ್ಲಂದ್ರ ಬರಂಗಿಲ್ಲೇನು? ಮದಲನೇ ದಿನ ನೀ ರೂಮಿನ್ಯಾಗ ಯಾರೂ ಇಲ್ಲ ಅಂದಿ. ಈಗ ಕಣ್ತೆರೆದು ನೋಡಿ ಹೇಳು.”

‘ನೀ’ ಎಂದಳಲ್ಲ! ಅವನು ಚೀಲ ಕೆಳಗಿಟ್ಟ.

“ಈಗ... ಇಬ್ಬರದೀವಿ.”

“ಹಂಗಾರ ಫ್ಯಾನ್ ಹಚ್ಚು.”