ಮೊಡವೆಯ ಸಾಕ್ಷಿ

ಶಿವಯೋಗೆಪ್ಪ ಬಂದನೆಂದು ಕೇಳಿದ್ದೇ ತಡ, ಮಲಕವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ನಡುಮನೆಯ ಬಾಗಿಲ ಸಂದಿಗೆ ಕಣ್ಣಿಟ್ಟಳು. ಲಗ್ನ ಗೊತ್ತಾದ ಮೇಲೆ ಅವನು ಅವಳೂರು ಸನಮಡಿಗೆ ಬಂದದ್ದು ಇದೇ ಮೊದಲು. ಸೋದರಮಾವನ ಮಗ, ಚಿಕ್ಕಂದಿನಿಂದ ಜಗಳಾಡುತ್ತ ಬೆಳೆದ ಹುಡುಗ. ಆದರೂ ಸಕ್ಕರೆ ಹಂಚಿದ ದಿನದಿಂದ ಅವನ ಹೆಸರು ಕಿವಿಗೆ ಬಿದ್ದರೆ ಅವಳ ಕಿವಿಯೇ ಬಿಸಿಯಾಗುತ್ತಿತ್ತು.

ಮೊದಲು ಕಂಡದ್ದು ಅವನ ಭುಜ. ಜತ್ತದ ತಾಲೀಮಿಗೆ ಕುಸ್ತಿ ಕಲಿಯಲು ಹೋದಾಗ ಕಡ್ಡಿಯ ಹಾಗಿದ್ದವನು ಈಗ ಬಾಗಿಲು ತುಂಬಿ ನಿಂತಿದ್ದ. ಆಮೇಲೆ ಅವನು ರುಮಾಲು ಬಿಚ್ಚಿ ಮುಖ ಎತ್ತಿದ. ಮಲಕವ್ವನ ನಗು ಅರ್ಧಕ್ಕೇ ನಿಂತಿತು.

ಎರಡೂ ಕೆನ್ನೆಯ ಮೇಲೆ, ಹಣೆಯ ಮೇಲೆ, ಕೆಂಪು ಕೆಂಪು ಮೊಡವೆ.

ನೋಡಿದವಳು ಅವಳೊಬ್ಬಳೇ ಅಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ ಅವಳ ಅಪ್ಪ ಗುರುಲಿಂಗಪ್ಪನೂ ನೋಡಿದ. ಕಾಲಿಗೆ ನೀರು ತಂದ ಹೆಂಡತಿ ಗೌರವ್ವನಿಗೆ, ಅಲ್ಲೇ ಇಡು ಎಂದು ಕಣ್ಣಲ್ಲೇ ಹೇಳಿದ.

"ಹೊರಗ ಗಾಳಿ ಚಲೋ ಐತಿ. ಕಟ್ಟಿ ಮ್ಯಾಲನ ಕುಂದ್ರು."

ಹೊರಗೆ ಬೇವಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಜತ್ತ ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದ ಹೊಸದು. ರಾಜನ ಆಳ್ವಿಕೆ ಹೋದರೂ ಮನೆಮನೆಯ ನಂಬಿಕೆ ಹೋಗಿರಲಿಲ್ಲ. ಲಿಂಗ ಕಟ್ಟಿದ ಮನೆಗಳಲ್ಲಿ ಒಂದು ಮಾತು ಗಟ್ಟಿಯಾಗಿತ್ತು: ಕೋಳಿಯ ತತ್ತಿ ಕಾವಿನ ಪದಾರ್ಥ, ಹುಟ್ಟಿನಿಂದ ತಿಂದವರ ಮೈಗೆ ಅದು ಒಗ್ಗಿರುತ್ತದೆ, ತಿನ್ನದ ವಂಶದವರು ಕದ್ದು ತಿಂದರೆ ಮಾತ್ರ ಮೈ ಅದನ್ನು ಇಟ್ಟುಕೊಳ್ಳುವುದಿಲ್ಲ, ಮುಖದ ಮೇಲೆ ಎತ್ತಿ ತೋರಿಸುತ್ತದೆ. ತಾಲೀಮಿನ ಹುಡುಗರು ತತ್ತಿ ತಿನ್ನುತ್ತಾರೆಂಬುದು ಯಾರಿಗೆ ಗೊತ್ತಿಲ್ಲ?

ಗುರುಲಿಂಗಪ್ಪನಿಗೊಬ್ಬ ತಮ್ಮನಿದ್ದ, ಅಣ್ಣಾರಾಯ. ಸೊಲ್ಲಾಪುರದ ಮಿಲ್ಲಿಗೆ ದುಡಿಯಲು ಹೋಗಿ ಬಂದಾಗ ಅವನ ಮುಖವೂ ಹೀಗೇ ಇತ್ತು. ಕೇಳಿದರೆ, ಹೌದು ತಿಂದೆ ಎಂದುಬಿಟ್ಟ. ಗುರುಲಿಂಗಪ್ಪ ಜಗಳಕ್ಕೆ ನಿಲ್ಲಲಿಲ್ಲ. ಬಾವಿಗೆ ಹೋಗಿ, ಸತ್ತವರ ಮಣ್ಣಿಗೆ ಹೋಗಿ ಬಂದವರಂತೆ ತಲೆಯ ಮೇಲೆ ನೀರು ಸುರಿದುಕೊಂಡು ಬಂದ. ಅಂದಿನಿಂದ ಆ ಮನೆಯಲ್ಲಿ ಅಣ್ಣಾರಾಯನ ಹೆಸರು ಎತ್ತಿದವರಿಲ್ಲ. ಅವನು ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ.

ಮಲಕವ್ವ ಮಜ್ಜಿಗೆಯ ತಂಬಿಗೆ ಹಿಡಿದು ಹಿತ್ತಿಲ ಕಡೆಯಿಂದ ಸುತ್ತಿ ಬಂದಳು. ಅಪ್ಪ ಎತ್ತುಗಳನ್ನು ನೋಡಲು ಎದ್ದು ಹೋಗಿದ್ದ.

"ಏನ್ರಿ ಪೈಲವಾನರ, ಮಾರಿ ಮ್ಯಾಲ ಜ್ವಾಳ ಬಿತ್ತೀರೇನು?"

"ಹೂಂ. ನೋಡು, ಬೆಳಿ ಹೆಂಗ ಬಂದೈತಿ. ಕೊಯ್ಯಾಕ ನೀನ ಬರಬೇಕು."

"ನನ್ನ ಕುಡಗೋಲು ಹರಿತ ಐತಿ, ಹುಷಾರ."

"ಅದು ನನಗ ಗೊತ್ತಿಲ್ಲೇನು? ಸಣ್ಣಾಕಿದ್ದಾಗ ಕಚ್ಚಿದ್ದು ಇನ್ನೂ ಕೈ ಮ್ಯಾಲ ಐತಿ."

ತಂಬಿಗೆ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಅವನು ತಂಬಿಗೆಯನ್ನಷ್ಟೇ ತೆಗೆದುಕೊಂಡ, ಕಣ್ಣು ಮಾತ್ರ ಅವಳ ಮುಖದ ಮೇಲೇ ಉಳಿಯಿತು. ಅವಳು ನೆಲ ನೋಡಿದಳು. ನೆಲ ನೋಡುತ್ತಲೇ ಕೇಳಿದಳು:

"ತತ್ತಿ ತಿಂದಿಯೇನು?"

ಅವನು ತಂಬಿಗೆ ಕೆಳಗಿಟ್ಟ. "ಇಲ್ಲ. ಉಸ್ತಾದ ಮಕ್ತುಮಸಾಬರು ತಿನ್ನು ಅಂತ ಬೈತಾರ. ಹಾಲು, ಬದಾಮಿ ಅಷ್ಟ ಸಾಕಂದೀನಿ. ಎದುರಾಳಿ ನನ್ನ ಎತ್ತಿ ಒಗದಾಗೆಲ್ಲಾ, ಇದು ಹಾಲಿನ ಪೈಲವಾನ ಅಂತ ಹುಡುಗರು ನಗತಾರ." ಅವನ ಕೈ ಎದೆಯ ಲಿಂಗದ ಕಡೆ ಹೋಯಿತು. "ಮುಟ್ಟಿ ಹೇಳಲೇನು?"

"ಬ್ಯಾಡ!"

ಆ ಮಾತು ಅವಳಿಗೇ ಗೊತ್ತಿಲ್ಲದೆ ಬಾಯಿಂದ ಹಾರಿತ್ತು. ಸುಳ್ಳಾಗಿದ್ದರೆ ಲಿಂಗ ಮುಟ್ಟಿದ ಪಾಪ ಅವನ ತಲೆಗೆ ಬರುತ್ತದಲ್ಲ ಎಂಬ ದಿಗಿಲು.

ಅವನ ಕೈ ಕೆಳಗಿಳಿಯಿತು. "ಬ್ಯಾಡ ಅಂದ್ರ ನಂಬಿದಂಗೋ, ನಂಬದಂಗೋ?"

ಅಷ್ಟರಲ್ಲಿ ಅಪ್ಪನ ಮೆಟ್ಟಿನ ಸಪ್ಪಳ ಕೇಳಿತು. ಅವಳು ಹಿತ್ತಿಲ ಕಡೆ ಸರಿದಳು.

ಆ ಸಂಜೆ ಗುರುಲಿಂಗಪ್ಪ ಗೌರವ್ವನಿಗೆ ಹೇಳಿದ್ದನ್ನು ಮಲಕವ್ವ ಒಲೆಯ ಮುಂದೆ ಕೂತು ಕೇಳಿದಳು. ಅವನು ಸಿಟ್ಟಿನಲ್ಲಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಬೀಜದ ಜೋಳದ ಮಾತಾಡುವ ಹಾಗೆ ಮೆತ್ತಗೆ ಹೇಳಿದ:

"ಉಗಾದಿ ತನಕ ನೋಡೂಣು. ಅಷ್ಟರಾಗ ನಿನ್ನ ಅಣ್ಣನ ಮಗನ ಮಾರಿ ತಿಳಿ ಆದ್ರ ಆತು. ಇಲ್ಲಂದ್ರ ಶೇಗಾಂವದ ಶ್ರೀಶೈಲಪ್ಪ ಕೇಳ್ಯಾನ."

"ಆ ಎರಡನೇ ಸಂಬಂಧದಾವಗೇನ್ರಿ? ಹೆಂಡತಿ ಸತ್ತು ಇನ್ನಾ ವರ್ಷ ಆಗಿಲ್ಲ."

"ಮನಿ ನಿಯಮ ಸತ್ತಿಲ್ಲಲ್ಲ."

ಮಲಕವ್ವನಿಗೆ ಅಂದು ನಿದ್ದೆ ಹತ್ತಲಿಲ್ಲ. ಶಿವಯೋಗೆಪ್ಪ ಹೇಳಿದ್ದು ನಿಜವಾದರೆ ಅವನ ಮುಖ ಸುಳ್ಳು. ಮುಖ ನಿಜವಾದರೆ ಅವನು ಸುಳ್ಳುಗಾರ. ಯಾವುದನ್ನು ನಂಬಿ ಜೀವ ತೇಯಬೇಕು?

ಗೋಡೆಯಾಚೆ ಲಾಲಬಿಯ ಮನೆ. ಗಂಡ ತೀರಿದ ಮೇಲೆ ಕೌದಿ ಹೊಲಿದು, ಕೋಳಿ ಸಾಕಿ ಬದುಕಿದ್ದವಳು. ಮಲಕವ್ವ ಕೌದಿಯ ಹೊಲಿಗೆ ಕಲಿಯಲು ಅವಳಲ್ಲಿಗೆ ಹೋಗುವುದು ರೂಢಿ. ಒಂದು ಮಧ್ಯಾಹ್ನ ಸೂಜಿ ಕೆಳಗಿಟ್ಟು ಕೇಳಿದಳು:

"ಲಾಲಬೀ, ತತ್ತಿ ತಿಂದ್ರ ಮೊಡವಿ ಏಳತಾವೇನು?"

ಲಾಲಬಿ ನಕ್ಕಳು. "ನಮ್ಮಕ್ಕ ಮಹಮುದಾ ತತ್ತಿ ಕಂಡ್ರ ಮೂಗು ಮುಚ್ಚತಿದ್ಲು. ಆಕಿ ಮಾರಿ ತುಂಬ ಬರೇ ಮೊಡವಿ. ನಾ ದಿನಾ ತಿಂದು ಬೆಳದೀನಿ, ನೋಡು ನನ್ನ ಮಾರಿ. ವಯಸ್ಸಿಗೆ ಬರತಾವು, ವಯಸ್ಸಿಗೆ ಹೋಗತಾವು. ಆದ್ರ ನಿಮ್ಮ ಮಂದಿ ಮೈ ಬ್ಯಾರೆ ಇದ್ದೀತು, ನನಗೇನು ಗೊತ್ತು ಬೇಟಿ?"

ಅದೇ ಮಾತು ಮಲಕವ್ವನ ಎದೆಯಲ್ಲಿ ನಾಟಿತು. ಅವರ ಮೈ ಬೇರೆ ಇದ್ದರೆ ನೋಡಬೇಕಾದ್ದು ಅವರ ಮೈಯಲ್ಲೇ. ಶಿವಯೋಗೆಪ್ಪನ ರಕ್ತ, ತನ್ನ ತಾಯಿಯ ರಕ್ತ ಒಂದೇ. ತಾನು ತಿಂದು ತನ್ನ ಮುಖದ ಮೇಲೆ ಎದ್ದರೆ ಅವನೂ ತಿಂದಿದ್ದಾನೆ. ಏಳದಿದ್ದರೆ...

"ನನಗೊಂದು ತತ್ತಿ ಕೊಡು."

ಲಾಲಬಿಯ ಕೈಯ ಸೂಜಿ ನಿಂತಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. "ಹುಚ್ಚಿ! ದೇಶ ಎರಡಾದ ಗದ್ದಲದ ವರ್ಷ ನಮ್ಮ ಮಂದಿ ಹೊರಗ ಕಾಲಿಡಲಾರದಾಗ, ಈ ಗೋಡಿ ಮ್ಯಾಲಿಂದ ಜ್ವಾಳ ಇಳಿಸಿದಾವ ನಿನ್ನಪ್ಪ. ಅವನ ಮಗಳಿಗೆ ನಾ ಇದನ್ನ ತಿನಿಸಲೇನು? ಗೊತ್ತಾದ್ರ ನಾ ಈ ಊರಾಗ ಇರತೀನೇನು?"

"ನನ್ನ ಬಾಯಿಂದ ನಿನ್ನ ಹೆಸರು ಬರೂದಿಲ್ಲ. ಕೊಡಲಿಲ್ಲಂದ್ರ ಶ್ರೀಶೈಲಪ್ಪನ ಮನಿಗೆ ಹೋಗತೀನಿ. ಹೋಗಿ ಜೀವಂತ ಉಳಿಯೂದಿಲ್ಲ, ಅಷ್ಟ."

ಲಾಲಬಿ ಅವಳ ಕಣ್ಣು ನೋಡಿದಳು. ಆಮೇಲೆ ಒಲೆಯ ಮೇಲೆ ನೀರಿಟ್ಟಳು.

ಬೆಂದ ತತ್ತಿ ಅಂಗೈ ಮೇಲೆ ಬಿಸಿಯಾಗಿ, ಬೆಳ್ಳಗೆ, ಏನೂ ಅರಿಯದ ಹಾಗೆ ಕೂತಿತ್ತು. "ಕೊರಳಾಗಿನ ಲಿಂಗ ತಗದಿಡು" ಎಂದು ಲಾಲಬಿ ಪಿಸುಗುಟ್ಟಿದಳು.

"ತಗಿಯೂದಿಲ್ಲ. ಕಳವು ಮಾಡೂದಾದ್ರ ಶಿವನ ಎದುರಿಗೇ ಮಾಡತೀನಿ."

ಮೊದಲ ತುತ್ತಿಗೇ ಕಣ್ಣೀರು ಬಂತು. ಆದರೂ ನುಂಗಿದಳು. ಹಿತ್ತಿಲಲ್ಲಿ ಒಂದು ಹೇಂಟೆ ಸುಮ್ಮನೆ ಕೂಗತೊಡಗಿತು, ನಿಲ್ಲಲೇ ಇಲ್ಲ.

ಅಂದಿನಿಂದ ಅಪ್ಪ ಸಂತೆಗೆ ಹೋದ ದಿನವೆಲ್ಲ ಅವಳು ಗೋಡೆಯಾಚೆ ಹೋದಳು. ಬೆಳಗಾದರೆ ಕಣ್ಣು ತೆರೆಯುವ ಮೊದಲೇ ಕೈ ಕೆನ್ನೆಗೆ ಹೋಗುತ್ತಿತ್ತು. ಸೊಳ್ಳೆ ಕಚ್ಚಿ ದದ್ದೆದ್ದರೂ ಜೀವ ಬಾಯಿಗೆ ಬರುತ್ತಿತ್ತು. "ಯಾಕ ಮಾರಿ ಮುಟ್ಟಿ ಮುಟ್ಟಿ ನೋಡ್ಕೋತಿ?" ಎಂದು ಗೌರವ್ವ ಗದರಿದಳು. ಒಳಗೆ ಎಲ್ಲಿಯೋ ಏನೋ ಕುದಿಯುತ್ತಿದೆ, ಇಂದಲ್ಲ ನಾಳೆ ತೊಗಲು ಒಡೆದು ಹೊರಗೆ ಬರುತ್ತದೆ ಎಂದು ಅವಳು ಕಾದಳು. ಚಳಿ ಹೋಗಿ ಬಿಸಿಲು ಬಂತು. ಜೋಳ ಕೊಯ್ದು ರಾಶಿಯಾಯಿತು. ಮುಖದ ಮೇಲೆ ಏನೂ ಏಳಲಿಲ್ಲ.

ಒಂದು ದಿನ ಅಪ್ಪನಿಗೆ ರೊಟ್ಟಿ ನೀಡುತ್ತಿದ್ದಳು. ಅವನು ತುತ್ತು ತಡೆದು ಅವಳನ್ನೇ ನೋಡಿದ. ಅವಳು ಪಲ್ಯ ನೀಡುವ ನೆಪದಲ್ಲಿ ಬಾಗಿದಳು.

"ನೋಡ, ಗೌರಿ" ಎಂದ, ಎಂದೂ ಇಲ್ಲದ ಪ್ರೀತಿಯಿಂದ. "ನಿಯಮದಾಗ ಬೆಳದ ಮಾರಿ ಹೆಂಗಿರತೈತಿ ನೋಡು. ತೊಳದ ಕನ್ನಡಿ."

ಮಲಕವ್ವ ಒಳಗೆ ಹೋಗಿ ಗೋಡೆ ಹಿಡಿದು ನಿಂತಳು. ತತ್ತಿಗೂ ಮೊಡವೆಗೂ ಸಂಬಂಧವಿಲ್ಲ, ಶಿವಯೋಗೆಪ್ಪ ನಿಜ ಹೇಳಿದ್ದನೆಂದು ಈಗ ಅವಳಿಗೆ ಗೊತ್ತು. ಆದರೆ ಅದನ್ನು ಬಾಯಿ ಬಿಟ್ಟು ಹೇಳಬೇಕಾದರೆ ಮೊದಲು ತಾನು ಸಾಯಬೇಕು. ಅಣ್ಣಾರಾಯ ಕಾಕಾ ಈ ಮನೆಯ ಪಾಲಿಗೆ ಸತ್ತ ಹಾಗೆ.

ಉಗಾದಿಯ ಮರುದಿನ ತನ್ನೂರು ಕರಜಗಿಯಿಂದ ಶಿವಯೋಗೆಪ್ಪ ತನ್ನ ತಂದೆ ಸೋಮನಿಂಗಪ್ಪನ ಜೊತೆ ಬಂದ. ಮೊಡವೆಗಳು ಕಡಿಮೆಯಾಗಿರಲಿಲ್ಲ, ಗದ್ದಕ್ಕೂ ಇಳಿದಿದ್ದವು. ಇಬ್ಬರನ್ನೂ ಗುರುಲಿಂಗಪ್ಪ ಕಟ್ಟೆಯ ಮೇಲೇ ಕೂರಿಸಿದ. ಬೇವು ಬೆಲ್ಲ ಬರಲಿಲ್ಲ. ನೀರೂ ಬರಲಿಲ್ಲ.

"ಬೀಗರ, ಸಂಬಂಧ ಮುರೀತಂತ ತಿಳೀರಿ."

"ಹುಡುಗ ತಿಂದಿಲ್ಲ ಅಂತಾನಲ್ರೀ" ಎಂದ ಸೋಮನಿಂಗಪ್ಪ. ಧ್ವನಿಯಲ್ಲಿ ಅವನಿಗೇ ನಂಬಿಕೆಯಿರಲಿಲ್ಲ.

"ಬಾಯಿ ಏನರೆ ಅನ್ನಲಿ. ಮಾರಿ ಸಾಕ್ಷಿ ನುಡೀತೈತಿ."

ಶಿವಯೋಗೆಪ್ಪ ಎದ್ದು ನಿಂತು ಎದೆಗೆ ಕೈ ಒಯ್ದ. "ಮಾವ, ಲಿಂಗ ಮುಟ್ಟಿ..."

"ಮುಟ್ಟಬ್ಯಾಡ! ಆ ಕೈಲೆ ಮುಟ್ಟಬ್ಯಾಡ."

ಬಾಗಿಲ ಸಂದಿಯಿಂದ ಮಲಕವ್ವ ಅವನ ಮುಖ ನೋಡಿದಳು. ಹಿಂದೆ ತಾನು ಬ್ಯಾಡ ಅಂದಾಗಲೂ ಅದು ಹೀಗೇ ಬಾಡಿತ್ತು. ಅವಳು ಸೆರಗು ಹಿಂದಕ್ಕೆ ಸರಿಸಿ, ಬಿಸಿಲಿಗೆ ಬಂದು ನಿಂತಳು.

"ಅಪ್ಪಾ, ತತ್ತಿ ನಾ ತಿಂದೀನಿ. ಚಳಿಗಾಲೆಲ್ಲಾ ತಿಂದೀನಿ. ನೋಡು ನನ್ನ ಮಾರಿ. ಎಲ್ಲಿ ಐತಿ ಸಾಕ್ಷಿ?"

ಗೌರವ್ವ ಒಳಗಿನಿಂದ "ಅಯ್ಯೋ ಶಿವನೇ" ಎಂದಳು.

"ಯಾರು ಕೊಟ್ರು?" ಗುರುಲಿಂಗಪ್ಪನ ದನಿ ಮೆತ್ತಗಿತ್ತು.

ಗೋಡೆಯಾಚೆ ಕೋಳಿಗಳು ಕೆದರುವ ಸಪ್ಪಳ ಎಲ್ಲರಿಗೂ ಕೇಳುತ್ತಿತ್ತು. ಮಲಕವ್ವ ಆ ಕಡೆ ಕತ್ತು ತಿರುಗಿಸಲಿಲ್ಲ. "ಜತ್ತದ ಸಂತಿಯಿಂದ ತರಿಸಿದೆ. ಮಾರಿದವರು ಯಾರೋ ಏನೋ."

ಅವನು ಗೋಡೆಯನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಮಗಳ ಕಡೆ ತಿರುಗಿದ. ಅವನ ಕಣ್ಣುಗಳು ಅವಳ ಹಣೆ, ಕೆನ್ನೆ, ಗದ್ದದ ಮೇಲೆ, ಬಿದ್ದುಹೋದ ಏನನ್ನೋ ಹುಡುಕುವ ಹಾಗೆ ಹರಿದಾಡಿದವು.

"ನಿನ್ನ ಮಾರಿ ನನಗ ಸುಳ್ಳು ಹೇಳಿತಲ್ಲವ್ವಾ" ಎಂದ.

ಅಷ್ಟೇ. ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದ. ನೀರು ಸುರಿದುಕೊಳ್ಳುವ ಸಪ್ಪಳ ಕೇಳಿದಾಗ ಗೌರವ್ವ ಬಾಗಿಲಲ್ಲೇ ಕುಸಿದಳು.

ಸೋಮನಿಂಗಪ್ಪ ಮಗನ ರಟ್ಟೆ ಹಿಡಿದ. "ನಡಿ, ಹೋಗೂಣು. ನೀ ಚೊಕ್ಕ ಇದ್ದಿ, ಅಷ್ಟು ತಿಳೀತಲ್ಲ, ಸಾಕು. ಈಕಿ ನಮ್ಮ ಹೊಸ್ತಿಲಾ ದಾಟೂದು ಬ್ಯಾಡ."

ಶಿವಯೋಗೆಪ್ಪ ಮಲಕವ್ವನನ್ನೇ ನೋಡುತ್ತಿದ್ದ. "ಯಾಕ ತಿಂದಿ?"

"ನೀ ಹೇಳಿದ್ದು ಖರೇನೋ ಅಂತ ನೋಡಾಕ."

"ನನ್ನ ಮಾತು ಸಾಲಲಿಲ್ಲೇನು?"

ಅವಳು ಸುಳ್ಳು ಹೇಳಬಹುದಿತ್ತು. "ಸಾಲಲಿಲ್ಲ" ಎಂದಳು. "ಸಾಲಿದ್ರ ಇವತ್ತ ನಾ ಮನಿಯಾಗ ಇರತಿದ್ದೆ."

ಅವನು ತಂದೆಯ ಕೈಯನ್ನು ಮೆಲ್ಲಗೆ ಬಿಡಿಸಿ, ಅವಳಿಗೆ ಬಾ ಎಂದು ಹೊರಟ. ಉಟ್ಟ ಸೀರೆಯಲ್ಲೇ ಅವಳು ಮೆಟ್ಟಿಲಿಳಿದಳು. ಬಾವಿಯಿಂದ ಬಂದ ಅಪ್ಪ ಹಿಂದೆ ಬಾಗಿಲಿಗೆ ಅಗುಳಿ ಹಾಕಿದ. ಲಾಲಬಿಯ ಬಾಗಿಲೂ ಮುಚ್ಚಿತ್ತು, ಮುಚ್ಚಿರುವುದೇ ಲೇಸು ಎಂದು ಅವಳಿಗೆ ಸಮಾಧಾನವಾಯಿತು.

ಜತ್ತದ ದಾರಿಯುದ್ದಕ್ಕೂ ಅವನು ಒಂದು ಮಾರು ಮುಂದೆ, ಅವಳು ಹಿಂದೆ. ಬಿಸಿಲಿಗೆ ಎರೆ ನೆಲ ಬಿರಿದಿತ್ತು. ಎಷ್ಟೋ ಹೊತ್ತಿಗೆ ಅವಳೇ ಮಾತಾಡಿದಳು.

"ಸಿಟ್ಟೈತೇನು?"

"ಐತಿ."

"ಹಂಗಾದ್ರ ಇನ್ನೂ ಹೊತ್ತಾಗಿಲ್ಲ, ತಿರುಗಿ ಹೋಗು. ನೀ ಚೊಕ್ಕ ಅದಿ, ನಿನಗ ದಾರಿ ಐತಿ. ಇವತ್ತಲ್ಲ ನಾಳಿ ನಿನ್ನಪ್ಪ ಕರೀತಾನ. ಆವಾಗ ನನ್ನ ಬಿಟ್ಟು ಹೋಗೂದಕ್ಕಿಂತ ಈಗ ಹೋಗು."

ಅವನು ನಡೆಯುತ್ತಲೇ ಇದ್ದ. ಮೋಟಾರು ಬಸ್ಸು ನಿಲ್ಲುವ ಕಡೆ ಒಂದು ಚಹಾದ ಅಂಗಡಿಯಿತ್ತು. ಮುದುಕನೊಬ್ಬ ಬುಟ್ಟಿಯಲ್ಲಿ ಬೆಂದ ತತ್ತಿ ಇಟ್ಟುಕೊಂಡು ಕೂತಿದ್ದ. ಶಿವಯೋಗೆಪ್ಪ ನೇರ ಅಲ್ಲಿಗೆ ಹೋದ.

"ಬ್ಯಾಡ" ಎಂದಳು ಮಲಕವ್ವ. ಓಡಿ ಹೋಗಿ ಅವನ ಕೈ ಹಿಡಿದಳು. "ಇಷ್ಟು ದಿನಾ ಉಸ್ತಾದ ಬೈದ್ರೂ ತಿನ್ನಲಿಲ್ಲ. ನನ್ನ ಸಲುವಾಗಿ ಬ್ಯಾಡ."

"ಇಷ್ಟು ದಿನಾ ತಿನ್ನಲಾರದ್ದೂ ನಿನ್ನ ಸಲುವಾಗೇ" ಎಂದ ಅವನು. "ನೀ ಹೋದ ದಾರಿ ನನಗೂ ಬೇಕು. ತಿರುಗಿ ಹೋಗೂ ದಾರಿ ನನಗ ಬ್ಯಾಡ."

ಅವನು ಸಿಪ್ಪೆ ಸುಲಿಯಲು ಬಾರದೆ ಅರ್ಧ ತತ್ತಿ ಪುಡಿಮಾಡಿದ. ಉಳಿದದ್ದನ್ನು ಒಂದೇ ಸಲಕ್ಕೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಪೈಲವಾನನ ಕುತ್ತಿಗೆಯ ನರವೆಲ್ಲ ಎದ್ದು ಬರುವ ಹಾಗೆ ನುಂಗಿದ. ಮಲಕವ್ವನಿಗೆ ಅಳು ಬಂತು, ಅದರ ಬೆನ್ನಿಗೇ ನಗು.

"ರುಚಿ ಹೆಂಗೈತಿ?"

"ಥೂ. ಇದನ್ನ ಚಳಿಗಾಲೆಲ್ಲಾ ತಿಂದಿಯೇನು, ನನ್ನ ಸಲುವಾಗಿ?"

"ಹೂಂ."

ಅವನ ಕಣ್ಣಿನ ಸಿಟ್ಟು ಕರಗಿ ಬೇರೆ ಏನೋ ಆಯಿತು. ದೂರದಲ್ಲಿ ಧೂಳು ಎಬ್ಬಿಸುತ್ತ ಮೋಟಾರು ಬರುತ್ತಿತ್ತು. ಅದು ಎಲ್ಲಿಗೆ ಹೋಗುವ ಮೋಟಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಮೊದಲ ಸಲ, ಹಾಡುಹಗಲಲ್ಲಿ, ಅವನ ಕೆನ್ನೆಯ ಮೊಡವೆಗಳ ಮೇಲೆ ಬೆರಳಿಟ್ಟಳು.

"ನಾಳಿ ಇನ್ನಷ್ಟು ಎದ್ರ?"

"ಏಳಲಿ ಬಿಡು" ಎಂದ ಶಿವಯೋಗೆಪ್ಪ. "ನನ್ನ ಮಾರಿ ನೋಡಾಕ ಇನ್ನ ನೀ ಬಿಟ್ರ ಯಾರದಾರ?"